ಸೋಫಾದಂಥ ಹಿಂದಿನ ಸೀಟು

ಹೊಸ ಕಾರು ತೆಗೆದುಕೊಂಡವರು ಮಾರತ್ತಹಳ್ಳಿಯ ನನ್ನ ಸೀಟ್ ಕವರ್ ಅಂಗಡಿಗೆ ಬಂದರೆ ಹೇಳುತ್ತಿದ್ದ ಮಾತು ಸಾಮಾನ್ಯವಾಗಿ ಒಂದೇ: "ಹಿಂದಿನ ಸೀಟು ಸೋಫಾ ಥರ ಇರ್ಬೇಕು ಸಾರ್." ಅದಕ್ಕೆ ಅಡ್ಡ ಬರುತ್ತಿದ್ದದ್ದು ಸೀಟ್ ಬೆಲ್ಟಿನ ಬಕಲ್. ಹಿಂದಿನ ಸೀಟಿನ ಕೂರುವ ಭಾಗಕ್ಕೂ ಒರಗುವ ಭಾಗಕ್ಕೂ ನಡುವಿನ ಸಂದಿಯಿಂದ ಅದು ಮೊಳಕೆಯ ಹಾಗೆ ತಲೆಯೆತ್ತಿ ನಿಂತಿರುತ್ತದೆ. ಕೂತವರ ತೊಡೆಗೆ ಒತ್ತುತ್ತದೆ, ಮಲಗುವ ಮಕ್ಕಳ ಬೆನ್ನಿಗೆ ಚುಚ್ಚುತ್ತದೆ. "ಹಿಂದೆ ಯಾರು ಬೆಲ್ಟ್ ಹಾಕ್ತಾರೆ? ಪೊಲೀಸ್ನೋರು ನೋಡೋದು ಮುಂದೆ ಕೂತೋರನ್ನ ತಾನೇ?" ಎಂದು ಗಿರಾಕಿಗಳು ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಬೇರೆ ಅಂಗಡಿಯವರು ಬಕಲನ್ನು ಒಳಕ್ಕೆ ತುರುಕಿ ಮೇಲೆ ಕವರ್ ಎಳೆದುಬಿಡುತ್ತಿದ್ದರು. ಹಾಗೆ ಮಾಡಿದರೆ ಕೆಳಗೊಂದು ಗಂಟು ಉಳಿಯುತ್ತದೆ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ಸೀಟು ಎತ್ತಿ, ಬೋಲ್ಟ್ ಬಿಚ್ಚಿ, ಬಕಲನ್ನು ಬುಡಸಮೇತ ತೆಗೆದೇ ಹಾಕುತ್ತಿದ್ದೆ. ಆಮೇಲೆ ಎರಡು ಬೆರಳು ದಪ್ಪದ ಸ್ಪಂಜು, ಅದರ ಮೇಲೆ ವಜ್ರದಾಕಾರದ ಹೊಲಿಗೆ ಹಾಕಿದ ರೆಕ್ಸಿನ್. ಕೈಯಾಡಿಸಿದರೆ ಎಲ್ಲೂ ಒಂದು ಉಬ್ಬು ತಗ್ಗು ಸಿಗುತ್ತಿರಲಿಲ್ಲ. ಅಷ್ಟು ಸಪಾಟಾದ ಸೀಟು ಆ ರಸ್ತೆಯಲ್ಲಿ ಇನ್ನಾವ ಅಂಗಡಿಯಲ್ಲೂ ಆಗುವುದಿಲ್ಲ ಎಂಬ ಹೆಸರು ನನಗೆ ಬಂದಿತ್ತು. ತೆಗೆದ ಬಕಲ್‌ಗಳು ಅಂಗಡಿಯ ಮೂಲೆಯ ಗೋಣಿಚೀಲಕ್ಕೆ ಬೀಳುತ್ತಿದ್ದವು. ಗಿರಾಕಿಗಳಿಗೆ ಹೇಳುತ್ತಿದ್ದೆನೇ ಎಂದರೆ, ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಿರಲಿಲ್ಲ.

ಮೊದಲು ಕೇಳಿದವಳು ಒಬ್ಬ ತಾಯಿ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಎಂಜಿನಿಯರ್, ದಾವಣಗೆರೆ ಕಡೆಯ ಮನೆತನದ ಸೊಸೆ. ಕೆಲವೇ ತಿಂಗಳ ಹಿಂದೆ ಅವಳ ಸಣ್ಣ ಕಾರಿಗೆ ನಾನೇ ಕವರ್ ಹಾಕಿದ್ದೆ. ಒಂದು ಬೆಳಿಗ್ಗೆ ಅದೇ ಕಾರಿನಲ್ಲಿ ಬಂದಳು. ಸೊಂಟದ ಮೇಲೆ ವರ್ಷ ತುಂಬುತ್ತಿದ್ದ ಗಂಡು ಮಗು, ಜೊತೆಯಲ್ಲಿ ಮಾವ. ಡಿಕ್ಕಿಯಲ್ಲಿ, ಜೊತೆ ಕೆಲಸದವರು ಹೊರದೇಶದಿಂದ ತಂದುಕೊಟ್ಟಿದ್ದ ಮಕ್ಕಳ ಸೀಟು. ಅಂಥದ್ದನ್ನು ನಾನು ಅದೇ ಮೊದಲು ಮುಟ್ಟಿ ನೋಡಿದ್ದು. ಪ್ಲಾಸ್ಟಿಕ್ಕಿನ ಚಿಪ್ಪು, ಒಳಗೆ ಬಿಳಿ ಥರ್ಮೋಕೋಲಿನಂಥ ಪದರ, ಮಗುವಿನ ಎರಡು ಭುಜ, ಎರಡು ಸೊಂಟ, ಕಾಲಸಂದಿ ಹೀಗೆ ಐದು ಕಡೆ ಹಿಡಿಯುವ ಪಟ್ಟಿಗಳು.

"ಅಂಕಲ್, ಈ ಸೀಟನ್ನ ಕಾರಿನ ಬೆಲ್ಟಲ್ಲೇ ಕಟ್ಬೇಕು. ಬೆಲ್ಟ್ ನೇತಾಡ್ತಿದೆ, ಅದನ್ನ ಸಿಗಿಸೋ ಬಕಲ್ ಎಲ್ಲಿ ಹೋಯ್ತು?"

"ಕವರ್ ಕೆಳಗಿರತ್ತಮ್ಮ, ಸಂಜೆ ಹೊತ್ತಿಗೆ ತೆಗೆದಿಟ್ಟಿರ್ತೀನಿ," ಎಂದೆ. ಅದು ಸುಳ್ಳು. ಬಾಯಿಗೆ ಎಷ್ಟು ಸಲೀಸಾಗಿ ಬಂತೆಂದರೆ ಹೇಳಿದ ಮೇಲೆಯೇ ನನಗೆ ತಿಳಿದದ್ದು.

ಮಾವ ಆ ಸೀಟನ್ನು ಸುತ್ತಲೂ ನೋಡಿ ನಕ್ಕರು. "ಏನ್ರೀ ಇದು, ಬಾವಿಗೆ ಬಿಡೋ ಬುಟ್ಟಿ ಇದ್ದಂಗೈತಿ! ಅದೂ ಮಕ ಹಿಂದಕ್ಕೆ ಮಾಡಿ ಕೂರಿಸ್ಬೇಕಂತೆ. ಕೂಸು ಊರು ನೋಡೋದು ಬ್ಯಾಡೇನು? ನನ್ನ ತೊಡಿ ಮ್ಯಾಲೆ ಕೂತು ಮನೀ ಮಕ್ಕಳೆಲ್ಲ ದಾವಣಗೆರಿಗೆ ಓಡಾಡಿದ್ವು. ಯಾರಿಗೇನಾತು?"

"ಮಾವ, ಮಗು ತಲೆ ಭಾರ, ಕತ್ತು ಮೆತ್ತಗೆ," ಎಂದು ಅವಳು ಮಗುವಿನ ಕುತ್ತಿಗೆಯ ಹಿಂದೆ ಅಂಗೈ ಇಟ್ಟು ತೋರಿಸಿದಳು. "ಮುಂದಕ್ಕೆ ಮುಖ ಇದ್ರೆ ಗುದ್ದಿದಾಗ ತಲೆ ಜಗ್ಗತ್ತೆ. ಹೀಗೆ ಕೂರಿಸಿದ್ರೆ ಇಡೀ ಬೆನ್ನೇ ಒರಗತ್ತೆ. ನೀವು ಎಷ್ಟೇ ಗಟ್ಟಿಯಾಗಿ ಹಿಡ್ಕೊಂಡ್ರೂ ಆ ಹೊತ್ತಲ್ಲಿ ಕೈ ನಿಮ್ಮ ಮಾತು ಕೇಳಲ್ಲ."

ಮಾರನೆಯ ದಿನ ಬೆಳಿಗ್ಗೆ ಅವರು ಮಗುವಿನ ಜವಳಕ್ಕೆಂದು ದಾವಣಗೆರೆಗೆ ಹೊರಡುವವರಿದ್ದರು. ಕಾರು ಬಿಟ್ಟು ಆಟೋ ಹಿಡಿದು ಹೋದರು.

ನಾನು ಗೋಣಿಚೀಲ ಸುರಿದೆ. ಬಕಲ್‌ಗಳ ರಾಶಿ. ಯಾವ ಕಾರಿನದು ಯಾವುದೋ, ಗುರುತು ಹಾಕಿಟ್ಟವರು ಯಾರು? ಅವಳ ಬೆಲ್ಟಿನ ತುದಿಯ ಲೋಹದ ನಾಲಗೆಯನ್ನು ಒಂದೊಂದಕ್ಕೂ ತುರುಕಿ ನೋಡಿದೆ. ಕೆಲವಕ್ಕೆ ಒಳಗೇ ಹೋಗಲಿಲ್ಲ. ಒಂದಕ್ಕೆ ಹೋಯಿತು, 'ಟಕ್' ಎಂದಿತು. ಎಳೆದರೆ ಬರಲಿಲ್ಲ. ಅಷ್ಟು ಸಾಕೆಂದುಕೊಂಡೆ. ಡ್ರೈವರ್ ಬೆನ್ನ ಹಿಂದಿನ ಜಾಗದಲ್ಲಿ ಸೀಟು ಎತ್ತಿ, ಡಬ್ಬಿಯಲ್ಲಿದ್ದ ಹಳೆಯ ಬೋಲ್ಟ್ ಹುಡುಕಿ ಅದನ್ನು ಬಿಗಿದೆ.

ಸಂಜೆ ಅವಳು ಮಾವನ ಜೊತೆ ಬಂದು ಮಕ್ಕಳ ಸೀಟನ್ನು ಇಟ್ಟು ಬೆಲ್ಟ್ ಹಾಯಿಸಿದಳು. ಅದು ಅತ್ತಿತ್ತ ಹೊರಳಾಡಿತು. ಅವಳು ಅದರೊಳಗೆ ಮೊಣಕಾಲೂರಿ, ಮೈಭಾರವನ್ನೆಲ್ಲ ಹಾಕಿ ಬೆಲ್ಟ್ ಜಗ್ಗಿದಳು. ಆದರೂ ಹೊರಳಾಡುತ್ತಿತ್ತು.

"ಒಂದು ಇಂಚಿಗಿಂತ ಜಾಸ್ತಿ ಅಲ್ಲಾಡಬಾರ್ದು ಅಂಕಲ್."

ಕಾರಣ ನನಗೆ ನೋಡಿದೊಡನೆ ತಿಳಿಯಿತು. ನಾನು ಹಾಕಿದ್ದ ಸ್ಪಂಜು. ಕೂತವರಿಗೆ ಮೆತ್ತಗಿರಲಿ ಎಂದು ಹಾಕಿದ್ದು ಈಗ ಒತ್ತಿದಷ್ಟೂ ಕುಗ್ಗಿ, ಬಿಟ್ಟರೆ ಉಬ್ಬಿ, ಬೆಲ್ಟನ್ನು ಸಡಿಲ ಮಾಡುತ್ತಿತ್ತು. ಕತ್ತರಿ ತೆಗೆದುಕೊಂಡು ಆ ಅರ್ಧ ಸೀಟಿನ ಕವರನ್ನು ಸ್ಪಂಜಿನ ಸಮೇತ ಕತ್ತರಿಸಿ ತೆಗೆದೆ. ನಮ್ಮ ಅಂಗಡಿಯ ಟೈಲರ್, ಕಲಬುರಗಿ ಕಡೆಯವನು, ಮಿಷನ್ ನಿಲ್ಲಿಸಿ ನೋಡುತ್ತಿದ್ದ. ಆ ಹೊಲಿಗೆ ಅವನದು. "ಅಣ್ಣಾ, ಕೋಳಿ ಕೊಯ್ದಂಗ ಕೊಯ್ದ್ರಲ್ಲ," ಎಂದ.

ಈಗ ಸೀಟು ಕದಲಲಿಲ್ಲ. ಅವಳ ಮುಖದಲ್ಲಿ ಬೆಳಗಿನಿಂದ ಇದ್ದ ಗಂಟು ಬಿಚ್ಚಿತು. ಪಕ್ಕದ ಜಾಗ ತೋರಿಸಿ, "ಇಲ್ಲಿ ಕೂರೋದು ಮಾವ. ಅವರಿಗೂ ಬಕಲ್ ತೆಗೆದುಕೊಡಿ," ಎಂದಳು.

"ನನಗ್ಯಾಕವ್ವ? ಆ ಚುಚ್ಚೋದು ನನಗೆ ಬ್ಯಾಡ," ಎಂದು ಮಾವ ಕೈಯಲ್ಲಾಡಿಸಿದರು.

"ಯಜಮಾನ್ರು ಹೇಳೋದೂ ಸರಿನೇ ಅಮ್ಮ, ವಯಸ್ಸಾದವರಿಗೆ ಕಷ್ಟ ಆಗತ್ತೆ," ಎಂದೆ ನಾನು. ಆ ಅರ್ಧದ ಹೊಲಿಗೆಯನ್ನಾದರೂ ಉಳಿಸಿಕೊಳ್ಳುವ ಆಸೆ ನನ್ನದು. ಇಬ್ಬರೂ ಒಂದೇ ಮಾತು ಹೇಳಿದ ಮೇಲೆ ಅವಳು ಮತ್ತೆ ಒತ್ತಾಯಿಸಲಿಲ್ಲ.

ಕಾರು ಹೋದ ಮೇಲೆ ಟೈಲರ್ ನೆಲದ ಮೇಲಿದ್ದ ರಾಶಿಯಿಂದ ಒಂದು ಬಕಲ್ ಎತ್ತಿ ತಿರುಗಿಸಿ ನೋಡಿದ. "ಅಣ್ಣಾ, ನೀವು ಹಾಕಿದ್ದು ಇದರ ಜೋಡಿ ಹೌದಿಲ್ಲ? ಇದು ಆ ಹಳೀ ವ್ಯಾನಿಂದು. ಇದರ ಬಾಯಿ ಅಗಲ ಐತಿ. ಆ ಅಕ್ಕಾರ ಬೆಲ್ಟಿನ ನಾಲಗಿ ಸಣ್ಣದು."

"ಟಕ್ ಅಂತಲ್ಲಪ್ಪ."

"ಟಕ್ ಅಂದದ್ದೆಲ್ಲ ಹಿಡದಂಗೇನು?"

ಅಂಗಡಿಯಲ್ಲಿ ಕವರ್ ಹಾಕಲು ಬಂದಿದ್ದ ಇನ್ನೊಂದು ಕಾರು ಅವಳ ಕಾರಿನದೇ ಮಾದರಿಯದು, ಅದರ ಬಕಲ್‌ಗಳನ್ನು ಇನ್ನೂ ಬಿಚ್ಚಿರಲಿಲ್ಲ. ಅದರ ಒಂದು ಕಡೆಯ ಬೆಲ್ಟನ್ನೂ ಬಕಲನ್ನೂ ಬಿಚ್ಚಿ ತಂದೆವು. ಮೊದಲು ವ್ಯಾನಿನ ಬಕಲನ್ನು ಛಾವಣಿಯ ಕಬ್ಬಿಣದ ತೊಲೆಗೆ ಬಿಗಿದು, ಅದಕ್ಕೆ ಬೆಲ್ಟಿನ ನಾಲಗೆ ಸಿಗಿಸಿ, ಕೆಳಗೆ ಮರಳು ತುಂಬಿದ ಚೀಲ ಕಟ್ಟಿದೆವು. ಚೀಲ ನೇತಾಡಿಕೊಂಡು ನಿಂತಿತು. "ನೋಡು, ಹಿಡಿದಿದೆ," ಎಂದೆ. ಟೈಲರ್ ಚೀಲವನ್ನು ಎದೆಮಟ್ಟಕ್ಕೆ ಎತ್ತಿ ಕೈಬಿಟ್ಟ. ಹಿಡಿಯಿತು. ಮತ್ತೆ ಎತ್ತಿ ಬಿಟ್ಟ. 'ಟಪ್' ಎಂದು ಬಾಯಿಬಿಟ್ಟಿತು. ಚೀಲ ನೆಲಕ್ಕೆ ಬಿದ್ದು ಒಡೆದು ಮರಳು ನಮ್ಮ ಕಾಲ ಮೇಲೆ ಚೆಲ್ಲಿತು.

ಒಡೆದ ಚೀಲವನ್ನು ಎತ್ತಿಕೊಂಡೆ. ಚೀಲದ ಗಾತ್ರ ಹೆಚ್ಚೂಕಡಿಮೆ ಆ ಮಗುವಿನಷ್ಟೇ ಇತ್ತು.

ಆಮೇಲೆ ಆ ಕಾರಿನ ಸ್ವಂತ ಬಕಲ್ ಕಟ್ಟಿ, ಬೇರೆ ಚೀಲ ತುಂಬಿ ಬಿಟ್ಟು ನೋಡಿದೆವು. ಒಂದು ಸಲವೂ ಬಿಡಲಿಲ್ಲ. ಎಷ್ಟು ಸಲ ಎತ್ತಿ ಬಿಟ್ಟೆವೋ, ಟೈಲರನ ತೋಳು ಸೋತವು, ಬಕಲ್ ಸೋಲಲಿಲ್ಲ. ಬೆರಳಿನಿಂದ ಕೆಂಪು ಗುಂಡಿ ಒತ್ತಿದರೆ ಮಾತ್ರ, ಮಗುವೂ ಬಿಡಿಸಬಹುದಾದಷ್ಟು ಹಗುರವಾಗಿ ಬಿಟ್ಟುಕೊಟ್ಟಿತು. ಹಿಡಿಯುವಾಗ ಅಷ್ಟು ಹಟ, ಬಿಡುವಾಗ ಇಷ್ಟು ಮೃದು. ಇದನ್ನು ನಾನು ಹುಲ್ಲು ಕಿತ್ತ ಹಾಗೆ ಕಿತ್ತು ಚೀಲಕ್ಕೆ ಹಾಕುತ್ತಿದ್ದೆ.

"ಫೋನ್ ಹಚ್ಚಿ, ನಟ್ ಬಿಗಿ ಮಾಡೋದೈತಿ ಅನ್ರಿ," ಎಂದ ಟೈಲರ್. "ಈ ಗಾಡಿದ ಬಕಲ್ ಆಕಿಗೆ ಹಾಕೋಣು. ಬ್ಯಾರೆ ಏನೂ ಹೇಳಬ್ಯಾಡ್ರಿ. ಮರ್ಯಾದಿ ಉಳೀತೈತಿ."

ನನಗೂ ಅದೇ ಆಸೆಯಾಯಿತು. ಆದರೆ ಹಾಗೆ ಮಾಡಿದರೆ ಒಬ್ಬರ ಕಾರಿನ ಬಕಲ್ ಕದ್ದು ಇನ್ನೊಬ್ಬರಿಗೆ ಹಾಕಿದ ಹಾಗೆ. ಅದೇ ಕೆಲಸ ಮಾಡಿ ತಾನೇ ಇಲ್ಲಿಗೆ ಬಂದು ನಿಂತದ್ದು? ಬಿಲ್ಲಿನಲ್ಲಿದ್ದ ವಿಳಾಸ ನೋಡಿಕೊಂಡು ಅವರ ಅಪಾರ್ಟ್‌ಮೆಂಟಿಗೆ ನಡೆದೇ ಹೋದೆ.

ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಬಕಲ್ ಕವರಿನ ಕೆಳಗೆ ಇರಲಿಲ್ಲ, ನಾನೇ ತೆಗೆದದ್ದು; ಇವತ್ತು ಹಾಕಿದ್ದು ಬೇರೆ ಗಾಡಿಯದು, ಜೋರಾಗಿ ಜಗ್ಗಿದರೆ ಬಿಡುತ್ತದೆ; ನಾಳೆ ಹೊರಡಬೇಡಿ. ಅವಳ ಕೈಯಲ್ಲಿ ಮಗುವಿಗೆ ಉಣ್ಣಿಸುತ್ತಿದ್ದ ಗಂಜಿಯ ಬಟ್ಟಲಿತ್ತು. ಚಮಚ ಅರ್ಧದಲ್ಲೇ ನಿಂತಿತು.

"ನನ್ನ ಕಾರಿಂದ, ನನ್ನನ್ನ ಕೇಳದೆ ತೆಗೆದ್ರಾ?"

"ಹೌದಮ್ಮ."

ಮಾವ ಒಳಗಿನಿಂದ ಎದ್ದು ಬಂದರು. "ಅಂಗಡಿ ಇಟ್ಟೀರೋ, ಕಳ್ಳತನ ಕಲಿಸೋ ಸಾಲಿ ಇಟ್ಟೀರೋ? ಊರಾಗ ಜವಳಕ್ಕೆ ಎಲ್ಲಾರಿಗೂ ಹೇಳೀವಿ. ನಾಳೆ ಬರಾಂಗಿಲ್ಲ, ಬಕಲ್ ಕಳದೈತಿ ಅಂತ ಹೇಳ್ಲೇನು?"

ಅವಳು ಬೈಯಲಿಲ್ಲ. ಬಟ್ಟಲನ್ನು ಪಕ್ಕಕ್ಕಿಟ್ಟು, "ಸರಿಯಾದದ್ದು ಎಲ್ಲಿ ಸಿಗತ್ತೆ, ಯಾವಾಗ ಸಿಗತ್ತೆ, ಅದನ್ನ ಹೇಳಿ," ಎಂದಳು. ಆಮೇಲೆ ಮಾವನ ಕಡೆ ತಿರುಗಿ, "ಜವಳ ಮುಂದಿನ ವಾರ ಆಗತ್ತೆ ಮಾವ," ಎಂದಳು.

ಬೆಳಿಗ್ಗೆ ಬಸ್ಸು ಹತ್ತಿದೆ. ಆ ಕಂಪನಿಯ ಬಿಡಿಭಾಗಗಳ ಗೋದಾಮು ಪೀಣ್ಯದಲ್ಲಿತ್ತು. ಕೌಂಟರಿನವನು ಕಂಪ್ಯೂಟರ್ ನೋಡಿ ಹುಬ್ಬೇರಿಸಿದ.

"ಹಿಂದಿನ ಬಕಲ್ಲಾ? ಇದನ್ನ ಕೇಳ್ಕೊಂಡು ಬಂದೋರನ್ನ ನಾನು ನೋಡೇ ಇಲ್ಲ ಯಜಮಾನ್ರೆ. ಆಕ್ಸಿಡೆಂಟ್ ಗಾಡಿನಾ?"

"ಇಲ್ಲಪ್ಪ."

"ಬಲಗಡೆದು ಒಂದಿದೆ. ಎಡಗಡೆದು ಬರಕ್ಕೆ ಟೈಮ್ ಆಗತ್ತೆ. ಆರ್ಡರ್ ಹಾಕ್ಲಾ?"

ಬಲಗಡೆಯದು ಮಗುವಿಗೆ. ಎಡಗಡೆಯದು ಮಾವನಿಗೆ. ಹಿಂದಿನ ಸಂಜೆ ಅವರಾಡಿದ ಮಾತು ಇನ್ನೂ ಕಿವಿಯಲ್ಲಿತ್ತು. ಬೇಡ ಎಂದವರಿಗೆ ನಾನ್ಯಾಕೆ ತರಲಿ ಎನಿಸಿತು. "ಬೇಡ, ಒಂದು ಸಾಕು," ಎಂದೆ. ಈ ಬರಹದಲ್ಲಿ ನಾನು ಒಪ್ಪಿಕೊಳ್ಳಬೇಕಾದ ಮಾತು ಇದೇ. ಬಕಲ್ ಕಿತ್ತದ್ದು ತಿಳಿಯದೆ ಮಾಡಿದ ತಪ್ಪು. ಮರಳು ಚೆಲ್ಲಿದ್ದನ್ನು ಕಣ್ಣಾರೆ ಕಂಡ ಮೇಲೆ ಆಡಿದ ಈ ಮಾತು ಹಾಗಲ್ಲ.

ಹೊಸ ಬಕಲಿನ ಜೊತೆ ಹೊಸ ಬೋಲ್ಟ್ ಕೊಟ್ಟಿದ್ದರು. ಅವಳು ಮತ್ತೆ ಅಂಗಡಿಗೆ ತಂದುಬಿಟ್ಟ ಕಾರಿಗೆ ಅದನ್ನು ಹಾಕಲು ಹೋದಾಗ ಇನ್ನೊಂದು ತಪ್ಪು ಬಯಲಾಯಿತು. ಈ ಬೋಲ್ಟಿನ ಮರೆ, ಅಂದರೆ ಅದರ ಮೈಮೇಲಿನ ತಿರುಪಿನ ಸುತ್ತು, ಬಹಳ ಸಣ್ಣದು. ಹಿಂದಿನ ದಿನ ನಾನು ಡಬ್ಬಿಯಿಂದ ತೆಗೆದು ಬಿಗಿದದ್ದು ಸಾಮಾನ್ಯ ಮರೆಯದು. ನಾಲ್ಕು ಸುತ್ತು ಹೋಗಿ ಕಚ್ಚಿಕೊಂಡದ್ದನ್ನು ಬಿಗಿಯಾಯಿತು ಎಂದುಕೊಂಡಿದ್ದೆ. ಅದನ್ನು ಬಿಚ್ಚಿ, ಪಕ್ಕದ ಗ್ಯಾರೇಜಿನಿಂದ ಮರೆ ಕೊರೆಯುವ ಸರಿಯಾದ ಟ್ಯಾಪ್ ತಂದು ತೂತಿನ ಮರೆ ಸರಿಮಾಡಿ, ಮೊದಲು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಬಿಗಿ ಅಳೆಯುವ ಸ್ಪ್ಯಾನರಿನಿಂದ ಬಿಗಿದೆ. ಹಳೆಯ ಬೋಲ್ಟ್ ಅಂಗೈಯಲ್ಲಿ ಹಗುರವಾಗಿತ್ತು. ಒಂದು ಮಗುವನ್ನು ಅದಕ್ಕೆ ಒಪ್ಪಿಸಿ ಕಳಿಸಿದ್ದೆ.

ಬೆಲ್ಟ್ ಸುತ್ತಿಕೊಳ್ಳುವ ಉರುಳೆ ಸರಿಯಿದೆಯೋ ನೋಡೋಣವೆಂದು ಕಾರಿನ ಹಿಂಬಾಗಿಲ ಪಕ್ಕದ ಕಂಬದ ಪ್ಲಾಸ್ಟಿಕ್ ತೆಗೆದೆ. ಅಷ್ಟು ವರ್ಷ ಸೀಟುಗಳ ನಡುವೆ ಬದುಕಿದವನು ಅದರ ಒಳಗನ್ನು ಅದೇ ಮೊದಲು ನೋಡಿದ್ದು. ಒಂದು ಸಣ್ಣ ಬಟ್ಟಲು, ಅದರಲ್ಲೊಂದು ಉಕ್ಕಿನ ಗುಂಡು, ಮೇಲೆ ಒಂದು ಕೊಂಡಿ. ಕಾರು ಸುಮ್ಮನೆ ಓಡುವಾಗ ಗುಂಡು ಬಟ್ಟಲಲ್ಲಿ ಕೂತಿರುತ್ತದೆ. ಕಾರು ತಟ್ಟನೆ ನಿಂತರೆ ಗುಂಡು ನಿಲ್ಲುವುದಿಲ್ಲ, ಮುಂದಕ್ಕುರುಳಿ ಬಟ್ಟಲಿನ ಅಂಚು ಹತ್ತಿ ಕೊಂಡಿಯನ್ನು ಎತ್ತುತ್ತದೆ. ಕೊಂಡಿ ಉರುಳೆಯ ಹಲ್ಲಿಗೆ ಸಿಕ್ಕಿ ಬೆಲ್ಟ್ ಕಲ್ಲಾಗುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಲೋಟದ ಮೇಲೆ ರಟ್ಟು, ರಟ್ಟಿನ ಮೇಲೆ ನಾಣ್ಯ ಇಟ್ಟು, ರಟ್ಟನ್ನು ಬೆರಳಿಂದ ಚಿಮ್ಮಿ, ನಾಣ್ಯ ಲೋಟಕ್ಕೆ ಬೀಳುವುದನ್ನು ತೋರಿಸಿದ್ದರು. ಜಡತ್ವ ಎಂದು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮರೆತಿದ್ದೆ. ಅದೇ ನಾಣ್ಯ ಇಲ್ಲಿ ಗುಂಡಾಗಿ, ಯಾರೂ ನೋಡದ ಕತ್ತಲೆಯಲ್ಲಿ ಕೂತು, ಎಂದಾದರೊಮ್ಮೆ ಬರಬಹುದಾದ ಒಂದು ಕ್ಷಣಕ್ಕಾಗಿ ಕಾಯುತ್ತಿತ್ತು. ಬೆಲ್ಟನ್ನು ನಿಧಾನಕ್ಕೆ ಎಳೆದೆ, ಬಂತು. ಜಗ್ಗಿದೆ, ನಿಂತಿತು. ಮತ್ತೆ ಎಳೆದೆ, ಮತ್ತೆ ಜಗ್ಗಿದೆ. ಟೈಲರ್ ಬಂದು "ಅಣ್ಣಾ, ಆಟ ಆಡ್ಲಿಕ್ಕತ್ತೀರೇನು?" ಎನ್ನುವವರೆಗೂ ನನಗೆ ಅದರಿಂದ ಕೈ ತೆಗೆಯಲಾಗಲಿಲ್ಲ.

ಅವರು ಮುಂದಿನ ವಾರ ಹೋಗಿ ಜವಳ ಮುಗಿಸಿ ಬಂದರು. ಅವಳು ಅಂಗಡಿಯ ಮುಂದೆ ಹಾದುಹೋಗುವಾಗ ಕೈಬೀಸುತ್ತಿದ್ದಳು. ಹಿಂದೆ ಮಗುವಿನ ಬೋಳುತಲೆ ಒಂದು ಕಡೆ, ಮಾವನ ಬಿಳಿತಲೆ ಇನ್ನೊಂದು ಕಡೆ ಕಾಣುತ್ತಿತ್ತು. ಕೆಲವು ತಿಂಗಳು ಹಾಗೇ ಕಳೆದವು.

ಒಂದು ಮಧ್ಯಾಹ್ನ ಅವಳ ಫೋನ್ ಬಂತು. ದಾವಣಗೆರೆಯಿಂದ ವಾಪಸು ಬರುವಾಗ, ತುಮಕೂರು ರಸ್ತೆಯಲ್ಲಿ ನಿಂತಿದ್ದ ಲಾರಿಯ ಹಿಂಭಾಗಕ್ಕೆ ಕಾರು ಗುದ್ದಿತ್ತು. ಓಡಿಸುತ್ತಿದ್ದದ್ದು ಅವಳ ಗಂಡ, ಅವಳು ಪಕ್ಕದಲ್ಲಿ. ಇಬ್ಬರಿಗೂ ತರಚು ಗಾಯ. "ಮಗೂಗೆ ಒಂದು ಗೀರೂ ಇಲ್ಲ ಅಂಕಲ್," ಎಂದಳು. "ಮಾವನ ಬಲಭುಜ ಪುಡಿಯಾಗಿದೆ. ಆಪರೇಷನ್ ಆಯ್ತು." ಮಕ್ಕಳ ಸೀಟು ಇನ್ನೂ ಕಾರಿನಲ್ಲೇ ಇತ್ತು. ಒಮ್ಮೆ ಪೆಟ್ಟು ತಿಂದದ್ದನ್ನು ಇನ್ನೊಂದು ಮಗುವಿಗೆ ಬಳಸಬಾರದಂತೆ. ಬಿಚ್ಚಿ, ಯಾರೂ ಎತ್ತಿಕೊಂಡು ಹೋಗದಂತೆ ಕತ್ತರಿಸಿ ಹಾಕಬೇಕೆಂದು ಕೇಳಿಕೊಂಡಳು.

ಪೀಣ್ಯದ ಹತ್ತಿರ ಗ್ಯಾರೇಜಿನ ಹಿತ್ತಲಲ್ಲಿ ಕಾರು ನಿಂತಿತ್ತು. ಮುಂಭಾಗ ಕಾಗದ ಹಿಸುಕಿದ ಹಾಗೆ ಮುದುಡಿತ್ತು. ಹಿಂದಿನ ಬಾಗಿಲು ತೆಗೆದು ಒಳಗೆ ಬಗ್ಗಿದೆ.

ಮಕ್ಕಳ ಸೀಟು ಇಟ್ಟಲ್ಲೇ ಇತ್ತು. ಬೆಲ್ಟ್ ಹಾದುಹೋದ ಕಡೆ ಪ್ಲಾಸ್ಟಿಕ್ ಬಿಳಿಚಿಕೊಂಡಿತ್ತು. ಒಳಗಿನ ಥರ್ಮೋಕೋಲ್ ಪದರದಲ್ಲಿ, ಮಗುವಿನ ಬೆನ್ನು ಒರಗುವ ಜಾಗದಲ್ಲಿ, ಉದ್ದಕ್ಕೆ ಒಂದು ಸೀಳು. ಮಗುವಿಗೆ ಬರಬೇಕಾದ ಪೆಟ್ಟನ್ನು ಅದು ತಾನು ತಿಂದು ಸೀಳಿತ್ತು. ಬೆಲ್ಟಿನ ಒಂದು ಗೇಣಿನಷ್ಟು ಭಾಗ ಇಸ್ತ್ರಿ ಹಾಕಿದ ಹಾಗೆ ಹೊಳೆಯುತ್ತಿತ್ತು. ನಾಲಗೆಯ ಅಂಚಿನ ಪ್ಲಾಸ್ಟಿಕ್ ಉಜ್ಜಿ ಕರಗಿತ್ತು. ಎರಡು ಬೆರಳಗಲದ ಬಟ್ಟೆ, ಒಂದು ಬೋಲ್ಟ್, ಗೋಲಿಯಷ್ಟು ಗುಂಡು. ಇಡೀ ಕಾರು ಮುದುಡಿಹೋದ ರಭಸವನ್ನು ಅವು ಹಿಡಿದು ನಿಲ್ಲಿಸಿದ್ದವು. ಹೆದರಿಕೆಯಿಂದ ಬಕಲಿನ ಕೆಂಪು ಗುಂಡಿಯ ಮೇಲೆ ಬೆರಳಿಟ್ಟೆ. ಅಷ್ಟಾದ ಮೇಲೂ ಅದು ಮೆತ್ತಗೆ ಬಿಟ್ಟುಕೊಟ್ಟಿತು. ನಾನು ದೇವರ ಮುಂದೆ ಕೈಮುಗಿಯುವುದು ಕಡಿಮೆ. ಅಲ್ಲಿ ಕೈ ತಾನಾಗಿ ಕೂಡಿತು.

ಆಮೇಲೆ ಪಕ್ಕದ ಜಾಗ ನೋಡಿದೆ. ಒಂದು ಮೊಳ ದೂರ. ಅದೇ ಸೀಟು, ಅದೇ ಕ್ಷಣ, ಅದೇ ಪೆಟ್ಟು. ಮುಂದಿನ ಸೀಟಿನ ಬೆನ್ನು, ಮಾವನ ಭುಜ ಬಡಿದಲ್ಲಿ, ಒಳಕ್ಕೆ ತಗ್ಗಾಗಿತ್ತು. ಅವರ ಪಾಲಿನ ಬೆಲ್ಟ್ ಕಂಬಕ್ಕೆ ಸುತ್ತಿಕೊಂಡು, ಕೊಂಡ ದಿನದಷ್ಟು ಹೊಸದಾಗಿ ನೇತಾಡುತ್ತಿತ್ತು. ಅವರು ಕೂತಿದ್ದಲ್ಲಿ ನನ್ನ ಕವರ್ ಇತ್ತು. ವಜ್ರದಾಕಾರದ ಹೊಲಿಗೆಯಲ್ಲಿ ಒಂದು ನೂಲೂ ಬಿಚ್ಚಿರಲಿಲ್ಲ. ಕೈಯಾಡಿಸಿದೆ. ಎಲ್ಲೂ ಒಂದು ಉಬ್ಬು ತಗ್ಗು ಇರಲಿಲ್ಲ.

ಅಂಗಡಿಗೆ ಬಂದು ಬೋರ್ಡ್ ಬರೆಸಿದೆ: 'ಇಲ್ಲಿ ಹಿಂದಿನ ಸೀಟಿನ ಬಕಲ್ ತೆಗೆಸಿದವರು ದಯವಿಟ್ಟು ಬನ್ನಿ. ಉಚಿತವಾಗಿ ಹೊಸದು ಹಾಕಿಕೊಡಲಾಗುವುದು.' ಬಿಲ್ ಪುಸ್ತಕದಲ್ಲಿ ಸಿಕ್ಕ ನಂಬರುಗಳಿಗೆಲ್ಲ ಫೋನ್ ಮಾಡಿದೆ. ಕೆಲವರು ಬಂದರು. ಕೆಲವರು "ಇರ್ಲಿ ಬಿಡಿ ಸಾರ್, ಸೋಫಾ ಥರ ಚೆನ್ನಾಗಿದೆ," ಎಂದರು. ಕೆಲವರು ಕಾರು ಮಾರಿದ್ದರು. ಆ ಕಾರುಗಳಲ್ಲಿ ಈಗ ಯಾರು ಕೂರುತ್ತಾರೋ ನನಗೆ ಗೊತ್ತಿಲ್ಲ. ಹಳೆಯ ಬಕಲ್‌ಗಳನ್ನು ಯಾರೂ ಮತ್ತೆ ಬಳಸದಂತೆ ಸುತ್ತಿಗೆಯಿಂದ ಜಜ್ಜಿ ಗುಜರಿಗೆ ಹಾಕಿದೆವು. ಗೋಣಿಚೀಲ ಖಾಲಿಯಾಯಿತು, ಲೆಕ್ಕ ತೀರಲಿಲ್ಲ.

ಆ ಮಗುವಿನ ಮನೆಯವರು ಬೇರೆ ಕಾರು ತೆಗೆದುಕೊಂಡು ಅಂಗಡಿಗೆ ಬಂದದ್ದು ಎಷ್ಟೋ ದಿನಗಳ ನಂತರ. ಕವರ್ ಹಾಕಿಸಲು ಅಲ್ಲ. ಹೊಸ ಮಕ್ಕಳ ಸೀಟು ಬಿಗಿಯಾಗಿದೆಯೇ ಎಂದು ನನ್ನಿಂದ ನೋಡಿಸಲು. ಮಾವ ಹಿಂದೆ ಕೂತಿದ್ದರು. ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಮೊಮ್ಮಗನನ್ನು ಎತ್ತಿಕೊಳ್ಳುವುದು ಆ ಕೈಗೆ ಇನ್ನು ಆಗದು ಎಂದು ಡಾಕ್ಟರು ಹೇಳಿದ್ದರು.

ನಾನು ಪೀಣ್ಯದ ಕೌಂಟರಿನಲ್ಲಿ ಆಡಿದ ಮಾತನ್ನು ಅವರಿಗೆ ಹೇಳಿದೆ. ಇನ್ನೊಂದು ತರಿಸಬಹುದಾಗಿತ್ತು, ನಾನೇ ಬೇಡವೆಂದೆ ಎಂದೆ.

ಬೈಯುತ್ತಾರೆಂದು ಕಾದೆ. "ನಾನೂ ಬ್ಯಾಡ ಅಂದಿದ್ನೆಲ್ರೀ," ಎಂದರು ಮಾವ. "ಅವತ್ತು ಗುದ್ದಿದ ಕೂಡ್ಲೇ ಕೂಸಿನ ಕಡೆ ಕೈ ಚಾಚಿದೆ. ಅದು ಮುಂದಕ್ಕೇ ಹೋತು. ಸೊಸಿ ಹೇಳಿದ್ದು ಖರೇ ಐತಿ. ಕೈ ಮಾತು ಕೇಳ್ಲಿಲ್ಲ." ಆಮೇಲೆ ಎಡಗೈಯಿಂದ ಬೆಲ್ಟ್ ಎಳೆದು ಸಿಗಿಸಲು ನೋಡಿದರು. ಬಲಗೈ ಸಹಾಯಕ್ಕೆ ಬರಲಿಲ್ಲ. ನಾಲಗೆ ಬಕಲಿನ ಸುತ್ತ ತಡಕಾಡಿತು.

ನಾನು ಒಳಗೆ ಬಗ್ಗಿ ಅದನ್ನು ಹಿಡಿದು ಸಿಗಿಸಿದೆ. 'ಟಕ್' ಎಂದಿತು. ಜಗ್ಗಿ ನೋಡಿದೆ. ಮತ್ತೊಮ್ಮೆ ಜಗ್ಗಿದೆ.

"ಸಾಕು ಬಿಡ್ರೀ," ಎಂದರು ಅವರು. "ನಾನೇನು ಕೂಸೇನು?"

ನಾನು ಇನ್ನೊಮ್ಮೆ ಜಗ್ಗಿದೆ.